ಮಾರ್ಗರೆಟ್‌ಳನ್ನು ಮರೆತ ಹೆಳವ

ಬೆಳಗಿನ ಐದೂಮುಕ್ಕಾಲು. ನ್ಯೂಜೆರ್ಸಿಯ ಪಿಸ್ಕಾಟವೇಯಿಂದ ಇಪ್ಪತ್ತು ನಿಮಿಷ ದೂರದ ಒಂದು ಖಾಲಿ ಮನೆಯ ಹಿಂದೆ, ಮೊಣಕಾಲುದ್ದ ಹುಲ್ಲಿನಲ್ಲಿ ಬೋರಲಿಂಗಯ್ಯ ಕುಕ್ಕರಗಾಲಲ್ಲಿ ಕೂತಿದ್ದಾರೆ. ಪ್ಯಾಂಟಿನ ತುದಿ ಸಾಕ್ಸಿನೊಳಗೆ ಸೇರಿದೆ. ಇಲ್ಲಿಯ ಹುಲ್ಲಿನಲ್ಲಿ ಉಣುಗಿನ ಕಾಟ. ಕೈಯಲ್ಲಿ ಬಾತ್‌ರೂಮಿನ ಬಾಗಿಲಿಗೆ ಹಾಕುವಂಥ ಉದ್ದನೆಯ ಕನ್ನಡಿ. ಎದುರಿಗೆ ಸವೆದುಹೋದ ಕೆಂಪು ಮರಳುಗಲ್ಲಿನ ಒಂದು ಗೋರಿಕಲ್ಲು, ಎತ್ತರ ಒಂದೂವರೆ ಅಡಿ.

ನೇರವಾಗಿ ನೋಡಿದರೆ ಕಲ್ಲಿನ ಮೇಲೆ ಏನೂ ಇಲ್ಲ. ಬೋರಲಿಂಗಯ್ಯ ಕನ್ನಡಿಯನ್ನು ಸ್ವಲ್ಪ ವಾಲಿಸುತ್ತಾರೆ. ಎಳೆ ಬಿಸಿಲು ಕಲ್ಲಿನ ಮೇಲೆ ಅಡ್ಡಡ್ಡ ಹಾಯುತ್ತದೆ, ಅಕ್ಷರಗಳ ತಗ್ಗಿನಲ್ಲಿ ನೆರಳು ನಿಲ್ಲುತ್ತದೆ, ಇನ್ನೂರೈವತ್ತು ವರ್ಷ ಹಿಂದಿನ ಹೆಸರೊಂದು ಮೇಲೇಳುತ್ತದೆ. ಅವರು ಬೆರಳು ತಾಗಿಸದೆ ಓದುತ್ತಾರೆ.

‘ಎಲಿಜಬೆತ್. ಮೂರು ತಿಂಗಳು. ಹೆಣ್ಣು ಮಗು ಸಾರ್’ ಎಂದು ಹೇಳಿ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, ‘ಹೋದ ವರ್ಷ ಇದೇ ಕಲ್ಲಿನ ಮುಂದೆ ಬಂದು, ಮಗೂದು ತಾನೆ ಅಂತ ಬಿಟ್ಟು ಹೋಗಿದ್ದೆ’ ಎನ್ನುತ್ತಾರೆ. ತಪ್ಪೊಪ್ಪಿಕೊಳ್ಳಲು ನಾನು ಕೇಳಿಯೇ ಇರಲಿಲ್ಲ.

ಬೋರಲಿಂಗಯ್ಯನವರಿಗೆ ಐವತ್ತಾರು. ಅಮೆರಿಕದ ಹಳೆಯ ಕುಟುಂಬಗಳ ಬೇರು ಹುಡುಕಿಕೊಡುವುದು ಅವರ ಕೆಲಸ. ಯಾವ ಪೂರ್ವಜ ಯಾವ ಕಾಲದಲ್ಲಿ ಹಡಗಿನಿಂದ ಇಳಿದ, ಎಲ್ಲಿ ಜಮೀನು ಮಾಡಿದ, ಅವನ ಮಕ್ಕಳು ಯಾರು, ಮೊಮ್ಮಕ್ಕಳು ಎಲ್ಲಿ ಚದುರಿದರು, ಇದನ್ನೆಲ್ಲ ಚರ್ಚಿನ ರಿಜಿಸ್ಟರು, ಉಯಿಲು, ಕ್ರಯಪತ್ರ ಮತ್ತು ಗೋರಿಕಲ್ಲುಗಳಿಂದ ಜೋಡಿಸುತ್ತಾರೆ. ಬೆಳಕು ಅಡ್ಡ ಬೀಳುವುದು ಒಂದು ಗಂಟೆ ಮಾತ್ರ. ಅಷ್ಟರಲ್ಲಿ ಹತ್ತು, ಹನ್ನೆರಡು ಕಲ್ಲು ಓದಬಹುದು. ಇದುವರೆಗೆ ಮೂವತ್ತೊಂದು ಸ್ಮಶಾನ, ನಾಲ್ಕು ಕೌಂಟಿಗಳ ದಾಖಲೆ ಕೋಣೆ ಮುಗಿಸಿದ್ದಾರೆ. ಕೆಲವರು ಅಕ್ಷರ ಕಾಣಲೆಂದು ಕಲ್ಲಿಗೆ ಶೇವಿಂಗ್ ಕ್ರೀಮ್ ಬಳಿಯುತ್ತಾರಂತೆ. ಅದನ್ನು ಹೇಳುವಾಗ ಇವರ ಮುಖ ನೋಡಬೇಕು, ಯಾರೋ ತಮ್ಮ ಕೆನ್ನೆಗೇ ಸುಣ್ಣ ಬಳಿದ ಹಾಗೆ.

ನಾನು ಇವರನ್ನು ಮೊದಲು ಕಂಡದ್ದು ನ್ಯೂಯಾರ್ಕಿನ ಫ್ಲಶಿಂಗ್ ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ. ದೋಸೆಗೆ ಕಾಯುತ್ತಿದ್ದಾಗ ಏನು ಕೆಲಸ ಎಂದು ಕೇಳಿದೆ. ‘ಕನ್ಸಲ್ಟಿಂಗ್’ ಎಂದರು. ಆ ವರ್ಷ ನಮ್ಮವರಲ್ಲಿ ಕೆಲಸ ಕಳೆದುಕೊಂಡವರೆಲ್ಲ ಕನ್ಸಲ್ಟಿಂಗೇ ಮಾಡುತ್ತಿದ್ದುದರಿಂದ ನಾನು ಮುಂದೆ ಕೇಳಲಿಲ್ಲ. ಪಕ್ಕದಲ್ಲಿದ್ದ ಅವರ ಹೆಂಡತಿ ನಳಿನಾಕ್ಷಿ ಮಾತ್ರ ನಗು ತಡೆಯದೆ, ‘ಎಂಥ ಕನ್ಸಲ್ಟಿಂಗು, ಸುಡುಗಾಡು ತಿರುಗ್ತಾರೆ. ಬಂದ ತಕ್ಷಣ ಗರಾಜಿಂದ ಸೀದಾ ಬಾತ್‌ರೂಮಿಗೆ ಓಡಿಸ್ತೀನಿ’ ಎಂದರು.

ನಳಿನಾಕ್ಷಿ ನರ್ಸ್. ಹದಿನಾಲ್ಕು ವರ್ಷದ ಹಿಂದೆ ಇಲ್ಲಿಯ ಆಸ್ಪತ್ರೆಗೆ ಕೆಲಸಕ್ಕೆ ಬಂದವರು ಅವರು. ಗಂಡ ಬಂದದ್ದು ಹೆಂಡತಿಯ ವೀಸಾದ ಬಾಲ ಹಿಡಿದು. ಮೈಸೂರಿನ ಸಿವಿಲ್ ಡಿಪ್ಲೊಮಾ ಇಟ್ಟುಕೊಂಡು ಬೋರಲಿಂಗಯ್ಯ ಒಂದು ಕಂಪನಿ ಸೇರಿದರು. ಮಾರಾಟಕ್ಕೆ ಬಂದ ಮನೆ ಹಿಂದೆ ಯಾರದ್ದಾಗಿತ್ತು, ಅದಕ್ಕೂ ಹಿಂದೆ ಯಾರದ್ದು ಎಂದು ಹಳೆಯ ಪತ್ರ ಹುಡುಕುವ ಕೆಲಸ. 2008ರ ಅಕ್ಟೋಬರಿನಲ್ಲಿ ಮನೆ ಕೊಳ್ಳುವವರೇ ಇಲ್ಲವಾದರು. ಒಂದು ಶುಕ್ರವಾರ ಕಂಪನಿ ಹನ್ನೊಂದು ಜನರನ್ನು ಮನೆಗೆ ಕಳಿಸಿತು, ಇವರೂ ಒಬ್ಬರು. ಪತ್ರ ಹುಡುಕುವುದೊಂದೇ ಗೊತ್ತಿದ್ದವರು, ಮನೆಯ ಬದಲು ಮನುಷ್ಯರನ್ನು ಹುಡುಕತೊಡಗಿದರು.

ಗೊತ್ತಿದ್ದದ್ದು ಅದೊಂದೇ ಅಲ್ಲ ಎಂಬುದು ನನಗೆ ತಿಳಿದದ್ದು ಮೂರನೆಯ ಭೇಟಿಯಲ್ಲಿ. ಬೋರಲಿಂಗಯ್ಯ ಹೆಳವರ ಮನೆಯವರು. ತುರುವೇಕೆರೆ ಸೀಮೆಯ ನಲವತ್ತು ಹಳ್ಳಿಗಳಲ್ಲಿ ಅವರ ತಂದೆ ಸಿದ್ದಲಿಂಗಯ್ಯ ಎತ್ತಿನ ಮೇಲೆ ಕೂತು, ಕಾಲು ಮುಚ್ಚುವಂತೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಮುಂಜಾನೆ ಒಕ್ಕಲ ಮನೆ ಬಾಗಿಲಿಗೆ ಹೋಗುತ್ತಿದ್ದರು. ಮನೆಯವರು ಏಳುವಷ್ಟರಲ್ಲಿ ಆ ಮನೆಯ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ವಂಶ ಹೇಳಿ ಮುಗಿಸಿ, ಮೊರದ ತುಂಬ ರಾಗಿ ಪಡೆದು ಹೊರಡುತ್ತಿದ್ದರು.

‘ಅಪ್ಪ ಹೇಳೋದು, ಹೆಳವ ಹೆಸರು ಬಿಟ್ರೆ ಆ ಮನುಷ್ಯ ಎರಡನೇ ಸಲ ಸತ್ತ ಹಾಗೆ ಅಂತ. ನಮ್ಮಲ್ಲಿ ಸುಳ್ಳು ಹೇಳಿದ್ರೂ ಕ್ಷಮಿಸ್ತಾರೆ ಸಾರ್. ಇರೋ ಮನೆಯನ್ನ ಮುಗೀತು ಅಂದ್ರೆ ಕ್ಷಮಿಸಲ್ಲ.’

ಅವರು ಮಾಡಿದ್ದು ಸರಿಯಾಗಿ ಅದನ್ನೇ.

ನಾವು ನಿಂತಿರುವ ಈ ಜಾಗದಲ್ಲಿ ಒಂಬತ್ತು ಗೋರಿಕಲ್ಲುಗಳಿವೆ. 1720ರ ಸುಮಾರಿಗೆ ಜರ್ಮನಿಯ ಕಡೆಯಿಂದ ಹಡಗು ಹತ್ತಿ ನ್ಯೂಯಾರ್ಕಿನಲ್ಲಿಳಿದ ಮಥಾಯಸ್ ಡೋರ್ಮನ್ ಎಂಬ ರೈತನ ಕುಟುಂಬದ್ದು. ಮುಂದೆ ಈ ಜಾಗ ಹತ್ತಾರು ಕೈ ದಾಟಿತು. ಕೊನೆಯ ಒಡೆಯ ಸಾಲ ಕಟ್ಟಲಾಗದೆ ಬಿಟ್ಟುಹೋದ ಮನೆಯನ್ನು ಹೋದ ವರ್ಷ ಒಬ್ಬ ಬಿಲ್ಡರ್ ಕೊಂಡ. ಕಲ್ಲುಗಳನ್ನು ಕಿತ್ತು ಊರಾಚೆಯ ಸ್ಮಶಾನದ ಮೂಲೆಗೆ ಸಾಗಿಸಿ, ಇಲ್ಲಿ ಆರು ಮನೆ ಕಟ್ಟುವ ಯೋಜನೆ ಅವನದು. ಊರಿನ ಪ್ಲಾನಿಂಗ್ ಬೋರ್ಡು ಒಂದು ಪ್ರಶ್ನೆ ಹಾಕಿತು: ಈ ವಂಶದವರು ಯಾರಾದರೂ ಬದುಕಿದ್ದಾರೆಯೇ? ಇದ್ದರೆ ಅವರ ಒಪ್ಪಿಗೆ ಬೇಕು. ಉತ್ತರ ಹುಡುಕಲು ಬಿಲ್ಡರನ ವಕೀಲರು ಬೋರಲಿಂಗಯ್ಯನವರನ್ನು ಹಿಡಿದರು.

ಅವರು ಎರಡು ತಿಂಗಳು ದುಡಿದರು. ಮಥಾಯಸನ ಮಗ ಪೀಟರ್. ಪೀಟರನಿಗೆ ಇಬ್ಬರು ಗಂಡುಮಕ್ಕಳು. ಒಬ್ಬ ಇಲ್ಲಿಯ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಜ್ವರ ಬಂದು ಸತ್ತ, ಇನ್ನೊಬ್ಬ ಮದುವೆಯಾಗಲಿಲ್ಲ. ವರದಿಯ ಕೊನೆಗೆ ‘ಈ ವಂಶ ಇಲ್ಲಿಗೆ ಮುಗಿದಿದೆ’ ಎಂದು ಬರೆದು, ಸಹಿ ಹಾಕಿ ಕೊಟ್ಟರು.

ಮಾರ್ಚಿನಲ್ಲಿ ಜನಗಣತಿಯ ಫಾರಂ ಮನೆಗೆ ಬಂತು. ಊಟದ ಮೇಜಿನ ಮೇಲೆ ಅದನ್ನು ತುಂಬಲು ಕೂತವಳು ಹದಿನೇಳು ವರ್ಷದ ಒಬ್ಬಳೇ ಮಗಳು ತನುಶ್ರೀ. ಪಕ್ಕದಲ್ಲೇ ಅಪ್ಪನ ಡೋರ್ಮನ್ ಕಾಗದಗಳು ಹರಡಿದ್ದವು. ಪೀಟರನ ಉಯಿಲಿನ ನಕಲನ್ನು ಸುಮ್ಮನೆ ಎತ್ತಿಕೊಂಡು ಓದಿದಳು. ‘ನನ್ನ ಮಗಳು ಮಾರ್ಗರೆಟ್‌ಗೆ ಒಂದು ಹಸು, ಒಂದು ನೂಲುವ ರಾಟೆ’ ಎಂದಿತ್ತು. ಆಮೇಲೆ ಅಪ್ಪ ಬರೆದ ವಂಶವೃಕ್ಷ ನೋಡಿದಳು.

‘ಅಪ್ಪಾ, ವೇರ್ ಡಿಡ್ ಮಾರ್ಗರೆಟ್ ಗೋ?’

‘ಮದುವೆ ಆಗಿ ಹೋದ್ಲು ಕಣಮ್ಮ. ಅವಳು ಗಂಡನ ಮನೆ ಲೆಕ್ಕ.’

ಹುಡುಗಿ, ‘ಸೋ ಐ ಆಮ್ ಎ ಡೆಡ್ ಎಂಡ್ ಟೂ?’ ಎಂದಳಂತೆ. ಸಿಟ್ಟಿನಿಂದಲ್ಲ, ತಿಳಿದುಕೊಳ್ಳುವುದಕ್ಕೆ.

‘ಅವಳ ಕೈಯಿಂದ ಉಯಿಲು ಇಸ್ಕೊಂಡೆ’ ಎನ್ನುತ್ತಾರೆ ಬೋರಲಿಂಗಯ್ಯ. ‘ನೋಡಿ, ಉಯಿಲು ನಾನು ಓದಿದ್ದೆ. ಮಾರ್ಗರೆಟ್ ಹೆಸರು ಕಣ್ಣಿಗೆ ಬಿದ್ದಿತ್ತು. ಆದ್ರೆ ಕೈ ಬರೀಲಿಲ್ಲ. ಅಪ್ಪನ ವಂಶಾವಳಿ ಪುಸ್ತಕದಲ್ಲಿ ಹೆಣ್ಣುಮಕ್ಕಳನ್ನ ಬರೀತಿರ್ಲಿಲ್ಲ. ಅವಳು ಹೋದ ಮನೆಗೆ ಬೇರೆ ಹೆಳವ ಇರ್ತಾನೆ, ಅವನು ನೋಡ್ಕೊತಾನೆ ಅನ್ನೋದು ನಮ್ ಲೆಕ್ಕ. ಇಲ್ಲಿ ಬೇರೆ ಹೆಳವ ಎಲ್ಲಿದ್ದಾನೆ ಸಾರ್? ಇರೋನು ನಾನೊಬ್ನೆ.’

ಬೋರ್ಡಿನ ಸಭೆಗೆ ಎಂಟು ದಿನ ಉಳಿದಿತ್ತು. ವಕೀಲರ ಆಫೀಸಿಗೆ ಫೋನ್ ಮಾಡಿ ವರದಿ ತಪ್ಪು ಎಂದರು. ಕೊಟ್ಟಾಗಿದೆ, ಹಾಗೇ ಇರಲಿ ಎಂಬ ಉತ್ತರ ಬಂತು. ಹಾಗೇ ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಇವರ ಕೆಲಸವೂ ಉಳಿಯುತ್ತಿತ್ತು. ಬೋರಲಿಂಗಯ್ಯ ಕನ್ನಡಿ ಕಾರಿಗೆ ಹಾಕಿಕೊಂಡು ಮಾರ್ಗರೆಟ್‌ಳನ್ನು ಹುಡುಕಲು ಹೊರಟರು.

ಎರಡನೆಯ ದಿನ ಹಳೆಯ ಚರ್ಚೊಂದರ ರಿಜಿಸ್ಟರಿನಲ್ಲಿ ಮದುವೆ ಸಿಕ್ಕಿತು: ಗಂಡ ಏಬ್ರಹಾಂ ಲೇಕ್, ಕಮ್ಮಾರ. ಮೂರನೆಯ ಮುಂಜಾನೆ ಅದೇ ಚರ್ಚಿನ ಅಂಗಳದಲ್ಲಿ, ಕನ್ನಡಿಯ ಬೆಳಕಿನಲ್ಲಿ ಅವಳ ಕಲ್ಲು ಸಿಕ್ಕಿತು. ‘ಪೀಟರ್ ಡೋರ್ಮನ್‌ನ ಮಗಳು’ ಎಂದು ಅದರ ಮೇಲೆ ಕೆತ್ತಿತ್ತು. ‘ಕಲ್ಲು ಕೆತ್ತೋನು ಬರೆದಿದ್ದ, ಅವಳಪ್ಪ ಬರೆದಿದ್ದ, ಪಾದ್ರಿ ಬರೆದಿದ್ದ. ಬರೀದೆ ಇದ್ದೋನು ನಾನು’ ಎನ್ನುತ್ತಾರೆ.

ಮಾರ್ಗರೆಟ್‌ಳಿಂದ ಕೆಳಗೆ ಒಂದೊಂದೇ ತಲೆಮಾರು ಇಳಿದರು. ಎಂಟನೆಯ ತಲೆ ಡೊರೊತಿ, ಅರವತ್ತಾರು ವರ್ಷ, ಸ್ಕೂಲ್ ಬಸ್ಸಿನ ಡ್ರೈವರ್. ಮನೆ ಇಲ್ಲಿಂದ ನಾಲ್ಕು ಮೈಲಿ. ಹದಿನೆಂಟು ವರ್ಷ ಇದೇ ರಸ್ತೆಯಲ್ಲಿ ಮಕ್ಕಳನ್ನು ತುಂಬಿಕೊಂಡು ಓಡಾಡಿದವರು, ಒಮ್ಮೆಯೂ ಈ ಪೊದೆಯೊಳಗೆ ಇಣುಕಿದವರಲ್ಲ. ಬಾಗಿಲಿಗೆ ಬಂದ ಬೋರಲಿಂಗಯ್ಯನವರನ್ನು ಕಂಡು, ಬಾಡಿಗೆ ಬಾಕಿ ಕೇಳಲು ಬಂದ ಯಾರೋ ಎಂದುಕೊಂಡು ಮೊದಲು ಬಾಗಿಲು ಹಾಕಿಕೊಂಡರಂತೆ.

ಗುರುವಾರದ ಸಭೆಗೆ ನಾನೂ ಹೋಗಿದ್ದೆ. ಬೋರಲಿಂಗಯ್ಯ ಗುಡಿಗೆ ಹಾಕುವ ಕೋಟು ಹಾಕಿಕೊಂಡು ಮೈಕಿನ ಮುಂದೆ ನಿಂತರು. ತಮ್ಮದೇ ವರದಿಯನ್ನು ಎತ್ತಿ ಹಿಡಿದು, ತಮ್ಮ ಇಂಗ್ಲಿಷಿನಲ್ಲಿ, ಇದಕ್ಕೆ ಸಹಿ ಹಾಕಿದವನು ನಾನು, ಇದು ತಪ್ಪು, ನಾನು ಮಗಳನ್ನು ಬರೆಯಲಿಲ್ಲ ಎಂದರು. ಆಗ ತಪ್ಪು ಬರೆದವರು ಈಗ ಸರಿ ಬರೆದಿದ್ದೀರಿ ಎಂದು ಹೇಗೆ ನಂಬುವುದು ಎಂದು ಬಿಲ್ಡರನ ವಕೀಲರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಬೋರಲಿಂಗಯ್ಯ, ನನ್ನನ್ನು ನಂಬಬೇಡಿ, ಇವನ್ನು ನಂಬಿ ಎಂದು ಎಂಟು ತಲೆಗಳ ದಾಖಲೆಯ ನಕಲು ಮೇಜಿನ ಮೇಲಿಟ್ಟರು. ಹಿಂದಿನ ಸಾಲಿನಲ್ಲಿ ಬಸ್ಸಿನ ಯೂನಿಫಾರಂ ಜಾಕೆಟ್ಟಿನಲ್ಲೇ ಬಂದಿದ್ದ ಡೊರೊತಿ ಎದ್ದು ನಿಂತು, ‘ನಾನು ಒಪ್ಪುವುದಿಲ್ಲ’ ಎಂದರು. ಅಷ್ಟೇ ಮಾತು. ನನಗೆ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಟ್ಟು ಏನಾಗಬೇಕು?

ಕಲ್ಲುಗಳು ಇದ್ದಲ್ಲೇ ಇರುತ್ತವೆ. ಬಿಲ್ಡರ್ ಐದು ಮನೆ ಕಟ್ಟುತ್ತಾನೆ. ವಕೀಲರ ಆಫೀಸು ಮತ್ತೆ ಇವರನ್ನು ಕರೆದಿಲ್ಲ. ಬೋರಲಿಂಗಯ್ಯ ಈಗ ಹಳೆಯ ಮೂವತ್ತೊಂದು ಸ್ಮಶಾನಗಳನ್ನು ಮತ್ತೆ ಮೊದಲಿಂದ ಸುತ್ತುತ್ತಿದ್ದಾರೆ, ಬಿಟ್ಟುಹೋದ ಹೆಣ್ಣುಮಕ್ಕಳನ್ನು ಬರೆದುಕೊಳ್ಳಲು. ಇದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ‘ಮಾಡಿದ ಕೆಲಸ ರಿಪೇರಿ ಮಾಡ್ಕೊಡೋಕೆ ಏನು ಕೂಲಿ’ ಎಂದು ಕೇಳುತ್ತಾರೆ. ಮನೆ ನಡೆಯುವುದು ನಳಿನಾಕ್ಷಿಯವರ ಸಂಬಳದಿಂದ, ಇದನ್ನು ಇಬ್ಬರೂ ಮುಚ್ಚಿಡುವುದಿಲ್ಲ.

ಏಳು ಗಂಟೆಗೆ ಡೊರೊತಿ ಬರುತ್ತಾರೆ. ಮೊದಲ ಟ್ರಿಪ್ಪಿಗೆ ಮುಂಚೆ ಅರ್ಧ ಗಂಟೆ ಬಿಡುವು. ವಂಶ ಹೇಳುತ್ತೇನೆ, ಬನ್ನಿ ಎಂದು ಬೋರಲಿಂಗಯ್ಯನವರೇ ಕರೆದಿದ್ದಾರೆ. ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು, ಪೂರ್ವಕ್ಕೆ ಮುಖ ಮಾಡಿ, ತಂದೆಯ ಧಾಟಿಯಲ್ಲಿ ಶುರು ಮಾಡುತ್ತಾರೆ: ‘ಹಡಗಿಳಿದು ಬಂದ ಮಥಾಯಸಪ್ಪ, ಮಥಾಯಸಪ್ಪನ ಮಗ ಪೀಟರಪ್ಪ, ಪೀಟರಪ್ಪನ ಮಗಳು ಮಾರ್ಗರೆಟ್ಟಮ್ಮ...’

ಡೊರೊತಿಗೆ ಕನ್ನಡ ಬಾರದು, ಹೆಸರುಗಳು ಮಾತ್ರ ತಿಳಿಯುತ್ತವೆ. ಅಜ್ಜಿಯ ಹೆಸರು ಬಂದಾಗ ತಲೆಯೆತ್ತುತ್ತಾರೆ, ಅಮ್ಮನ ಹೆಸರು ಬಂದಾಗ ಕೈ ಬಾಯಿಗೆ ಹೋಗುತ್ತದೆ. ಹತ್ತು ತಲೆಯಲ್ಲಿ ಐದು ಹೆಣ್ಣು. ‘ಡೊರೊತಮ್ಮ’ ಎಂದು ಮುಗಿದ ಮೇಲೆ ಅವರು ಬಸ್ಸಿನ ಕಡೆ ಓಡಿ, ಕಾಗದದ ಲೋಟಗಳಲ್ಲಿ ಬೆಳೆಸಿದ ಆರು ಟೊಮೆಟೊ ಸಸಿ ತಂದು ಕೊಡುತ್ತಾರೆ. ಬೋರಲಿಂಗಯ್ಯ ಟವೆಲು ಒಡ್ಡಿ ಅವನ್ನು ಈಸಿಕೊಳ್ಳುತ್ತಾರೆ. ಅಪ್ಪ ರಾಗಿ ಈಸಿಕೊಳ್ಳುತ್ತಿದ್ದದ್ದು ಹೀಗೇ ಅಂತೆ.

ವಾಪಸು ಬರುವಾಗ ಕಾರಿನಲ್ಲಿ ನಾನು ಲೆಕ್ಕ ಹಾಕುತ್ತೇನೆ. ನನ್ನ ತಂದೆಯ ಕಡೆ ಐದು ತಲೆಯ ಹೆಸರು ಬಾಯಿಗೆ ಬರುತ್ತದೆ. ಅಜ್ಜಿಯ ಅಮ್ಮನ ಹೆಸರು ಗೊತ್ತಿಲ್ಲ. ಕೇಳಲು ಈಗ ಯಾರೂ ಇಲ್ಲ. ಇದನ್ನು ಹೇಳಿದಾಗ ಬೋರಲಿಂಗಯ್ಯ ನನ್ನನ್ನು ಸಮಾಧಾನಪಡಿಸುವುದಿಲ್ಲ. ತಮ್ಮ ಮನೆಯ ಮಾತು ತೆಗೆಯುತ್ತಾರೆ.

‘ಡಿಸೆಂಬರಲ್ಲಿ ಊರಿಗೆ ಹೋಗ್ಬೇಕು ಅಂತಿದೀನಿ. ಅಪ್ಪನ ಪುಸ್ತಕ ತಮ್ಮನ ಹತ್ರ ಇದೆ. ಅಪ್ಪನ ಹೆಸರಿನ ಕೆಳಗೆ ನಾನು, ನನ್ ತಮ್ಮ, ಅಷ್ಟೇ. ನಮ್ ದೊಡ್ಡಕ್ಕ ಚಿಕ್ಕತಾಯಮ್ಮ ಅಂತ. ನಾನು ಸ್ಕೂಲಿಗೆ ಹೋಗ್ಲಿ ಅಂತ ಎತ್ತು ಮೇಯ್ಸಿದ್ದು ಅವಳು. ನನ್ ಹೆಸರಿನ ಮೇಲೆ ಒಂದು ಗೆರೆಯಷ್ಟು ಜಾಗ ಇದೆ ಸಾರ್, ನೆನಪಿದೆ ನನಗೆ. ಅಕ್ಕನ ಹೆಸರು ಹಿಡಿಸುತ್ತೆ.’

ಸಿಗ್ನಲ್ಲಿನಲ್ಲಿ ಕಾರು ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಕನ್ನಡಿಯ ಪಕ್ಕ ಸಸಿಗಳು ಅಲುಗುತ್ತಿವೆ.

‘ಅವಳಿಗೆ ಓದಕ್ಕೆ ಬರಲ್ಲ’ ಎನ್ನುತ್ತಾರೆ ಬೋರಲಿಂಗಯ್ಯ. ‘ಬೆಳಿಗ್ಗೆ ಬೇಗ ಎದ್ದು ಅವಳ ಬಾಗಿಲಲ್ಲಿ ನಿಂತ್ಕೊಂಡು ನಾನೇ ಹೇಳ್ತೀನಿ. ಅದೇ ತಾನೆ ನಮ್ ಕೆಲಸ.’