ವೀಸಾ ಕೇಳಲು ಹೋದಾಗ ದೊಡ್ಡಮ್ಮ ಆಡಿದ ಮಾತು

ಈ ದೇಶದ ನೆಲದ ಮೇಲೆ ನಾನು ಕಾಲಿಟ್ಟಾಗ ಎದುರಾದ ಮೊದಲ ಅಧಿಕಾರಿ ನನ್ನ ಮುಖ ನೋಡಲಿಲ್ಲ. ನಾನು ಕಂಕುಳಲ್ಲಿ ಅವುಚಿಕೊಂಡು ತಂದಿದ್ದ ದೊಡ್ಡ ಲಕೋಟೆಯಿಂದ ನನ್ನ ಎದೆಯ ಎಕ್ಸರೇ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಕಿಟಕಿಯಾಚೆ ಬಂದರು. ನನ್ನ ಪಕ್ಕೆಲುಬುಗಳ ನಡುವೆ ಹಡಗುಗಳು ಮೆಲ್ಲಗೆ ತೇಲುತ್ತಿದ್ದವು. ಅವನು ತಲೆಯಾಡಿಸಿ, ಆಮೇಲೆ ನನ್ನತ್ತ ತಿರುಗಿ ನಕ್ಕ. ಕ್ಷಯವಿಲ್ಲದವರಿಗೆ ಮಾತ್ರ ಅಮೆರಿಕದ ಬಾಗಿಲು.

ಆ ಎಕ್ಸರೇಯಿಂದಾಗಿ ನನ್ನ ಪ್ರಯಾಣ ಮದ್ರಾಸಿನಲ್ಲೇ ಮುಗಿಯುವುದರಲ್ಲಿತ್ತು.

ಊರಿನಲ್ಲಿ ನಾನು ಮೂಡಬಿದಿರೆಯ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ನನ್ನ ತರಗತಿಯಲ್ಲಿ ಆಸಿಯಮ್ಮ ಎಂಬ ಕಿವಿ ಕೇಳದ ಹುಡುಗಿಯಿದ್ದಳು. ದಿನವಿಡೀ ನನ್ನ ತುಟಿಯನ್ನೇ ನೋಡುತ್ತ ಕೂರುತ್ತಿದ್ದಳು. ಒಂದು ದಿನ ಅವಳ ತಂದೆ ಬಂದರು.

“ಇನ್ನು ಇವಳನ್ನು ಕಳಿಸುವುದಿಲ್ಲ ಟೀಚರೇ. ಇಲ್ಲಿ ಕೂತು ಇವಳಿಗೆ ಎಂತ ಸಿಗ್ತದೆ?”

ಕಿವುಡ ಮಕ್ಕಳಿಗೆ ಮಾತು ಕಲಿಸುವ ವಿದ್ಯೆಯನ್ನು ಹುಡುಕಿಕೊಂಡು ನಾನು ಹೊರಟದ್ದು ಆ ಪ್ರಶ್ನೆಯಿಂದ. ಅಮೆರಿಕದ ಕಾಲೇಜೊಂದು ಸೀಟನ್ನೂ ವಿದ್ಯಾರ್ಥಿವೇತನವನ್ನೂ ಕೊಟ್ಟಿತು. ಉಳಿದದ್ದು ವೀಸಾ.

ತಾಯಿಯಿಲ್ಲದ ನನ್ನನ್ನು ಬೆಳುವಾಯಿಯಲ್ಲಿ ಸಾಕಿದವರು ದೊಡ್ಡಮ್ಮ. “ಒಬ್ಬಳೇ ಹೋಗುವುದಾ? ನಾನೂ ಬರ್ತೇನೆ, ಹೋಗುವ,” ಎಂದು ಮಂಗಳೂರಿನಲ್ಲಿ ರೈಲು ಹತ್ತಿಯೇಬಿಟ್ಟರು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದರೂ ದೊಡ್ಡಮ್ಮನಿಗೆ ಸರಕಾರವೆಂದರೆ ಮದ್ರಾಸೇ.

ಮದ್ರಾಸಿನ ಡಾಕ್ಟರು ಎಕ್ಸರೇ ನೋಡಿ ಹುಬ್ಬು ಗಂಟಿಕ್ಕಿದರು. ಎಡ ಶ್ವಾಸಕೋಶದಲ್ಲಿ ಒಂದು ಸಣ್ಣ ನೆರಳು. ಕಫದ ಪರೀಕ್ಷೆಯಾಗಬೇಕು, ಅಲ್ಲಿಯವರೆಗೆ ವೀಸಾದ ಮಾತೇ ಇಲ್ಲ. ನಾವು ಪರಿಚಯದವರ ಮನೆಯ ಮಹಡಿಯಲ್ಲಿ ಕಾಯುತ್ತ ಉಳಿದೆವು. ಬೆಳಗಾದರೆ ಕಡಲ ತೀರ. ನಮ್ಮ ಕಡೆ ಸೂರ್ಯ ಘಟ್ಟದಿಂದ ಎದ್ದು ಕಡಲಿಗೆ ಇಳಿಯುತ್ತಾನೆ. ಇಲ್ಲಿ ಕಡಲಿನಿಂದಲೇ ಏಳುತ್ತಿದ್ದ.

“ಇದೆಂತ ಮಾರಾಯ್ತಿ! ಸೂರ್ಯನಿಗೇ ದಿಕ್ಕು ತಪ್ಪಿದೆ,” ಎಂದರು ದೊಡ್ಡಮ್ಮ. ಸ್ವಲ್ಪ ಹೊತ್ತಿನ ಮೇಲೆ, “ಆದರೂ ಬೆಳಕು ಅದೇ ಉಂಟು,” ಎಂದು ನನ್ನ ಬೆನ್ನಿನ ಮೇಲೆ ಕೈಯಿಟ್ಟರು. ನೆರಳು ಇದ್ದದ್ದು ಅಲ್ಲಿಯೇ ಎಂಬಂತೆ ಆ ಕೈ ತುಂಬ ಹೊತ್ತು ಕದಲಲಿಲ್ಲ.

ಅದು ಎಳವೆಯ ಜ್ವರ ಬಿಟ್ಟುಹೋದ, ಮಾಸಿದ ಕಲೆ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಕಾನ್ಸುಲೇಟಿನಲ್ಲಿ ಹೊರಗೆ ಕೂರಲು ಒಪ್ಪದೆ ದೊಡ್ಡಮ್ಮ ನನ್ನ ಜೊತೆಗೇ ಒಳಗೆ ಬಂದರು.

“ಓದು ಮುಗಿದ ಮೇಲೆ ಮರಳಿ ಹೋಗುತ್ತೀರಾ?” ಅಧಿಕಾರಿ ಕೇಳಿದರು.

“ಹೋಗುತ್ತೇನೆ.”

ಅವರು ದೊಡ್ಡಮ್ಮನತ್ತ ನೋಡಿದರು. “ಇವರೇನು ಹೇಳುತ್ತಾರೆ?”

ನಾನು ತುಳುವಿನಲ್ಲಿ ಕೇಳಿದೆ. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ತುಳುವಿನಲ್ಲೇ ಹೇಳಿದರು: “ಬಂದರೆ ನನಗೆ ಖುಷಿ. ಬರದಿದ್ದರೆ ಅಳುವವಳು ನಾನು. ಅದರಿಂದ ಇವರಿಗೆಂತ ತೊಂದರೆ?”

ಕೆಲಸ ಕೆಟ್ಟಿತೆಂದುಕೊಂಡೇ ಆ ಮಾತನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿದೆ. ಅಧಿಕಾರಿ ನಗಲಿಲ್ಲ. ಪೆನ್ನು ಕೆಳಗಿಟ್ಟು ದೊಡ್ಡಮ್ಮನನ್ನೇ ನೋಡುತ್ತ, “ನಿಜ, ನಮಗೇನೂ ತೊಂದರೆಯಿಲ್ಲ,” ಎಂದರು. ಮರುದಿನ ವೀಸಾ ಬಂತು.

ಇಲ್ಲಿಗೆ ಬಂದ ಮೊದಲ ತಿಂಗಳುಗಳು ನಿದ್ದೆಗಣ್ಣಿನಲ್ಲಿ ಕಳೆದಂತಿವೆ. ಹಿಮ ಸದ್ದಿಲ್ಲದೆ ಬೀಳುತ್ತದೆ. ನಮ್ಮ ಮಳೆಯ ಹಾಗೆ ಹೆಂಚಿನ ಮೇಲೆ ಗದ್ದಲ ಮಾಡಿ ಬರುವುದಿಲ್ಲ. ಅಂಗಡಿಯ ಬೆಳ್ಳನೆಯ ಅಕ್ಕಿಯಲ್ಲಿ ಗಂಜಿ ಮಾಡಿದರೆ ಕುಚ್ಚಲಕ್ಕಿಯ ಪರಿಮಳವಿಲ್ಲ. ಇವರ ಇಂಗ್ಲಿಷು ಕಿವಿಗೆ ಹತ್ತದೆ, ತರಗತಿಯಲ್ಲಿ ನಾನೂ ಅವರ ತುಟಿಗಳನ್ನೇ ನೋಡುತ್ತ ಕೂರುತ್ತಿದ್ದೆ. ಆಸಿಯಮ್ಮ ಕೂತಿದ್ದ ಬೆಂಚು ಎಂಥದ್ದೆಂದು ಆಗ ತಿಳಿಯಿತು.

ಈಗ ಆರು ವರ್ಷದ ರೂತ್ ಎಂಬ ಕಿವುಡ ಮಗುವಿಗೆ ನಾನು ಪಾಠ ಹೇಳುತ್ತೇನೆ. ಮಗು ನಮ್ಮ ಗಂಟಲಿನ ಮೇಲೆ ಬೆರಳಿಟ್ಟು, ಅದರ ನಡುಕವನ್ನು ತನ್ನ ಗಂಟಲಿನಲ್ಲಿ ಹುಡುಕಿಕೊಳ್ಳಬೇಕು. ಮಾತು ಕಲಿಸುವ ಒಂದು ದಾರಿ ಅದು. ತಿಂಗಳುಗಟ್ಟಲೆ ಹೆಣಗಿ ರೂತ್ ‘ಮ’ ಎಂದ ದಿನ ನಾನು ಬೀದಿಯಲ್ಲಿ ಒಬ್ಬಳೇ ನಗುತ್ತ ನಡೆದಿದ್ದೆ.

ಮೊನ್ನೆ ಪಾಠ ಮುಗಿಯಿತು. ಅವಳ ಬೆರಳುಗಳು ಇನ್ನೂ ನನ್ನ ಗಂಟಲಿನ ಮೇಲಿದ್ದವು. ನನಗರಿವಿಲ್ಲದೆ ತುಳುವಿನಲ್ಲಿ, “ಬಲ, ಪೋಯಿ,” ಎಂದೆ. ಬಾ, ಹೋಗುವ ಎಂದಷ್ಟೇ ಅದರ ಅರ್ಥ. ರೂತ್ ಬೆಚ್ಚಿ ನನ್ನ ಮುಖ ನೋಡಿದಳು. ಮತ್ತೊಮ್ಮೆ ಹೇಳೆಂದು ಸನ್ನೆ ಮಾಡಿದಳು. ಇಂಗ್ಲಿಷಿನಲ್ಲಿ ಹೇಳಿದೆ. ತಲೆಯಲ್ಲಾಡಿಸಿದಳು, ಅದಲ್ಲ. ಮತ್ತೆ ತುಳುವಿನಲ್ಲಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು. ಹೌದು, ಬೆರಳಿನಿಂದ ಕೇಳಿದಳು. ತನ್ನ ಗಂಟಲು ಮುಟ್ಟಿಕೊಂಡು, ಒಡೆದ ದನಿಯಲ್ಲಿ ಅದನ್ನೇ ಹೇಳಿ ನನ್ನ ಕೈ ಹಿಡಿದೆಳೆದಳು.

ಬರುವ ಬೇಸಗೆಯಲ್ಲಿ ವೀಸಾ ಮುಗಿಯುತ್ತದೆ, ನಾನು ಊರಿಗೆ ಮರಳುತ್ತೇನೆ. ಅಲ್ಲಿ ಎಲ್ಲರೂ ಆ ಮಾತನ್ನು ಆಡುತ್ತಾರೆ. ರೂತ್ ಆಡಿದ ಹಾಗೆ ಆಡುವವರು ಅಲ್ಲಿ ಯಾರೂ ಇರುವುದಿಲ್ಲ.