ರಾಣಿಯರ ತವರುಮನೆ

ಮೊನ್ನೆ ಮೊಮ್ಮಗಳ ಶಾಲೆಯ ಕೆಲಸಕ್ಕೆಂದು ಮೈದಾಹಿಟ್ಟು ಕುದಿಸಿ ಅಂಟು ಮಾಡುತ್ತಿದ್ದೆ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಶೇಡಬಾಳದಲ್ಲಿ ನಮಗೆ ಇತಿಹಾಸ ಕಲಿಸುತ್ತಿದ್ದ ಅಕ್ಕೋರು ನೆನಪಾದರು...

ಅವರು ಮರಾಠಿ ಸೀಮೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವರು. ಹಳೆಯ ಪತ್ರಿಕೆಗಳಿಂದ ಹಿಂದಿನ ಕಾಲದ ಯುರೋಪಿನ ರಾಣಿಯರ ಚಿತ್ರ ಕತ್ತರಿಸಿ, ಇಂಥದೇ ಅಂಟು ಹಚ್ಚಿ, ದಪ್ಪ ವಹಿಯೊಂದರಲ್ಲಿ ಅಂಟಿಸಿದ್ದರು. ರಶಿಯಾದ ರಾಣಿ, ಇಂಗ್ಲೆಂಡಿನ ರಾಣಿ, ಗ್ರೀಸಿನ ರಾಣಿ. ಒಂದೊಂದರ ಮೇಲೂ ಬೆರಳಿಟ್ಟು, "ಇಕಿ ಜರ್ಮನಿಯಾಕಿ. ಇಕಿನೂ ಜರ್ಮನಿಯಾಕಿನ. ಅಲ್ಲಿ ಅರಮನಿ ಯಾವುದರ ಇರಲಿ, ಸೊಸಿ ತವರಮನಿ ಜರ್ಮನಿನ ನೋಡ್ರಿ" ಎನ್ನುತ್ತಿದ್ದರು. ನಾವು ಹುಡುಗಿಯರು ನಗುತ್ತಿದ್ದೆವು.

ಒಬ್ಬಳ ಕಥೆಯನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದರು. ಸಣ್ಣ ಸಂಸ್ಥಾನದ ಹುಡುಗಿ. ಹದಿನಾಲ್ಕು ತುಂಬಿದಾಗ ಅರಮನೆಯ ಸೊಸೆಯಾಗಲು ರಶಿಯಾಕ್ಕೆ ಕರೆದೊಯ್ದರು. ಅಲ್ಲಿ ಧರ್ಮ ಬದಲಾಯಿತು, ಹೆಸರೂ ಬದಲಾಯಿತು. ಕೊರೆಯುವ ಚಳಿಯಲ್ಲಿ ಬರಿಗಾಲಲ್ಲಿ ಅಡ್ಡಾಡುತ್ತ ರಶಿಯನ್ ಬಾಯಿಪಾಠ ಮಾಡಿ ಜಡ್ಡಿಗೆ ಬಿದ್ದಳಂತೆ. "ಸತ್ತೇ ಹೋಗಾಕಿದ್ಲು. ಆದ್ರ ಭಾಷಾ ಬಿಡಲಿಲ್ಲ."

ಎಂಬತ್ತರ ದಶಕದ ಕೊನೆಗೆ, ನನ್ನ ಹತ್ತನೆಯ ಪರೀಕ್ಷೆ ಮುಗಿದ ವಾರವೇ, ಮರಾಠಿ ಸೀಮೆಯ ಮಿರಜ ಕಡೆಯ ಮನೆತನಕ್ಕೆ ನನ್ನನ್ನು ಗೊತ್ತುಮಾಡಿದರು. ಸುದ್ದಿ ಕೇಳಿ ಅಕ್ಕೋರು ನಮ್ಮ ಮನೆಗೆ ಬಂದರು.

"ಹುಡುಗಿ ಶಾಣ್ಯಾ ಅದಾಳ್ರಿ. ಇನ್ನೆರಡು ವರ್ಷ ಕಲೀಲಿ."

"ಮನಿತನ ಚಲೋ ಐತ್ರಿ ಅಕ್ಕೋರ. ಮಾತು ಕೊಟ್ಟೇವಿ," ಅಂದ ಅಪ್ಪ.

ಅವ್ವ ಚಹಾ ತಂದಿಟ್ಟಳು. ಅಕ್ಕೋರು ಅದನ್ನು ಪೂರ್ತಿ ಕುಡಿದು ಎದ್ದರು. ಬಾಗಿಲಲ್ಲಿ ನಿಂತಿದ್ದ ನನಗೆ, "ನಾಳಿಂದ ಮನಿಗೆ ಬಾ. ಮರಾಠಿ ಕಲಿಸ್ತೀನಿ" ಎಂದರು.

ಒಂದೂವರೆ ತಿಂಗಳು ಹೋದೆ. ಮಾತು ಅಷ್ಟಿಷ್ಟು ಬರುತ್ತಿತ್ತು. ಓದುವುದು, ಬರೆಯುವುದು ಅವರಿಂದ ಬಂತು. ಒಂದು ದಿನ ಕೇಳಿದೆ, "ನೀವು ಬಂದಾಗ ನಿಮಗ ಕನ್ನಡ ಯಾರು ಕಲಿಸಿದ್ರಿ?"

ಅವರು ಪೆನ್ಸಿಲ್ ಚೂಪು ಮಾಡುತ್ತಿದ್ದರು. ತಲೆ ಎತ್ತಲಿಲ್ಲ. "ಯಾರೂ ಇಲ್ಲ. ಎರಡು ವರ್ಷ ನಾ ಮಾತಾಡಲೇ ಇಲ್ಲ."

ಮದುವೆಯಲ್ಲಿ ಅತ್ತೆಮನೆಯವರು ನನ್ನ ಹೆಸರು ಬದಲಿಸಿದರು. ನನಗೆ ಏನೂ ಅನಿಸಲಿಲ್ಲ. ಹೊಸ ಹೆಸರು ಕರೆದರೆ ಓಗೊಟ್ಟೆ, ಅಷ್ಟೇ. ಎರಡು ಮಕ್ಕಳಾದ ಮೇಲೆ ಮರಾಠಿಯಲ್ಲೇ ಹನ್ನೆರಡನೆಯ ಪರೀಕ್ಷೆ ಕಟ್ಟಿ ಪಾಸಾದೆ, ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು. ಇದನ್ನು ಅಕ್ಕೋರಿಗೆ ಹೇಳಬೇಕಿತ್ತು. ತವರಿಗೆ ಬಂದಾಗೆಲ್ಲ ಅವರ ಬಾಗಿಲ ಮುಂದಿಂದಲೇ ಹಾದುಹೋಗುತ್ತಿದ್ದೆ. ಕೈಯಲ್ಲಿ ಚೀಲ, ಕಂಕುಳಲ್ಲಿ ಕೂಸು... ತಿರುಗಿ ಹೋಗುವಾಗ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ. ತಿರುಗಿ ಹೋಗುವಾಗ ಬಸ್ಸಿನ ಹೊತ್ತಾಗಿರುತ್ತಿತ್ತು.

ಒಮ್ಮೆ ಊಟಕ್ಕೆ ಕೂತಾಗ ಅವ್ವ, "ನಿಮ್ಮ ಅಕ್ಕೋರು ಹೋದ್ರವಾ, ದೀಪಾವಳಿ ಹಿಂದ" ಎಂದಳು. "ಹೌದೇನು," ಅಂದೆ. ತಾಟಿನಲ್ಲಿದ್ದ ರೊಟ್ಟಿ ತಿಂದು ಮುಗಿಸಿದೆ. ಕೈ ತೊಳೆದೆ. ಮಕ್ಕಳನ್ನು ಮಲಗಿಸಿದೆ.

ಈಗ ಮೂವತ್ತು ವರ್ಷದ ಮೇಲಾಯಿತು. ಅವರ ಮನೆಯಲ್ಲಿ ಬೇರೆ ಜನ ಇದ್ದಾರೆ. ಅವತ್ತು ಬರಬೇಕಿದ್ದ ಅಳು ಇನ್ನೂ ಬಂದಿಲ್ಲ. ನನಗೆ ಕೆಲಸ ಸಿಕ್ಕಿದ್ದು ಅಕ್ಕೋರಿಗೆ ಗೊತ್ತಾಗಲೇ ಇಲ್ಲ.