ಕಲ್ಲೇಶನ ಕಂಪ್ಯೂಟರಿಗೆ ಮತ್ತೆ ಮಾತು ಬಂದದ್ದು

ಕಲ್ಲೇಶನಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಹುಬ್ಬಳ್ಳಿ ಕಡೆಯ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದ. ಇನ್ನೂರು ನಂಬರು ಅವನ ಬಾಯಲ್ಲೇ ಇದ್ದವು. 2007ರಲ್ಲಿ ಹುಬ್ಬಳ್ಳಿಯ ಗೆಳೆಯ ಬಾಳಕೃಷ್ಣ ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಅವನ ಮನೆಗೆ ತಂದಿಟ್ಟ. ಪರದೆಯ ಮೇಲಿದ್ದುದನ್ನು ಅದು ಇಂಗ್ಲಿಷಿನಲ್ಲಿ ಓದಿ ಹೇಳುತ್ತಿತ್ತು. ಮೂವತ್ತೆಂಟನೆಯ ವಯಸ್ಸಿನಲ್ಲಿ ಕಲ್ಲೇಶ ಮೊದಲ ಸಲ ಯಾರನ್ನೂ ಕರೆಯದೆ ತಾನೇ ಸುದ್ದಿ ಓದಿಕೊಂಡ.

ಒಂದು ರವಿವಾರ ಮುಂಜಾನೆ ಲಿನಕ್ಸಿನ ಹೊಸ ಆವೃತ್ತಿ ಹಾಕಿಕೊಂಡು ಮತ್ತೆ ಚಾಲೂ ಮಾಡಿದ. ಒಳಗಿನ ಫ್ಯಾನು ಗುಂಯ್ ಅಂತಿತ್ತು, ಮಾತಿಲ್ಲ. ಬಾಳಕೃಷ್ಣ ಊರಲ್ಲಿರಲಿಲ್ಲ, ಫೋನೂ ಹತ್ತಲಿಲ್ಲ.

"ಸ್ಪೀಕರ್ ಕೆಟ್ಟಿರಬೇಕ್ರಿ," ಎಂದಳು ಹೆಂಡತಿ ದುರ್ಗಾ.

ಕಲ್ಲೇಶ ಸ್ಪೀಕರಿನ ವೈರು ಕಿತ್ತು ರೇಡಿಯೋಕ್ಕೆ ಚುಚ್ಚಿದ. ವಾರ್ತೆ ಸ್ಪಷ್ಟವಾಗಿ ಕೇಳಿಸಿತು.

"ಸ್ಪೀಕರ್ ಛಲೋ ಐತಿ. ಒಳಗ ಎಲ್ಲೋ ದನಿ ಬಂದ್ ಆಗೇತಿ. ನೀ ಪರದೆ ನೋಡಿ ಹೇಳು."

"ನಂಗ ಇಂಗ್ಲಿಷ್ ಓದಾಕ ಬರಂಗಿಲ್ರಿ." ತವರೂರು ಹೆಬ್ಬಳ್ಳಿಯಲ್ಲಿ ಅವಳು ಐದನೆಯ ತರಗತಿವರೆಗೆ ಮಾತ್ರ ಸಾಲಿ ಕಲಿತಿದ್ದಳು.

"ಅಕ್ಷರ ಗುರ್ತ ಹಿಡೀತಿ ಅಲ್ಲ, ಅಷ್ಟ ಸಾಕು. ಕುಂದ್ರು ಬಾ."

ವೈರು ಮತ್ತೆ ಕಂಪ್ಯೂಟರಿಗೆ ಸಿಗಿಸಿ, ದನಿ ಹೆಚ್ಚು ಕಡಿಮೆ ಮಾಡುವ ಪುಟವನ್ನು ನೆನಪಿನಿಂದಲೇ ಟೈಪ್ ಮಾಡಿ ತೆರೆದ. "ಏನ್ ಕಾಣಾಕತ್ತೇತಿ?"

"ಸಾಲಾಗಿ ಕಂಬ ನಿಂತಾವ್ರಿ."

"ಬುಡದಾಗ ಏನ್ ಬರದೇತಿ?"

"ಮೊದಲನೇದಕ್ಕ ಎಂ ಎಂ. ಬಾಜೂಕಿಂದಕ್ಕ ಓ ಓ."

ಎಂ ಎಂ ಅಂದರೆ ದನಿ ಮುಚ್ಚಿದೆ, ಓ ಓ ಅಂದರೆ ತೆರೆದಿದೆ ಎಂದರ್ಥ. ಕಲ್ಲೇಶನಿಗೆ ನಗು ಬಂತು. ಎಂ ಕೀಲಿ ಒತ್ತಿ, "ಈಗ?" ಎಂದ.

"ಅದೂ ಓ ಓ ಆತು. ಆದರ ಕಂಬ ಖಾಲಿ ಐತ್ರಿ."

ಮೇಲಿನ ಬಾಣದ ಕೀಲಿ ಒತ್ತುತ್ತ ಹೋದ. ಅವಳು ಹೇಳುತ್ತ ಹೋದಳು: "ಹಸಿರು ಏರಾಕತ್ತೇತಿ... ಬಿಳೇದು... ಕೆಂಪಗಾತು, ಸಾಕ್ರಿ."

ಆ ಪುಟ ಮುಚ್ಚಿದ್ದೇ ತಡ, ಕಂಪ್ಯೂಟರ್ ಓಣಿಗೆಲ್ಲ ಕೇಳುವಂತೆ ಮಾತಾಡಿತು. ದುರ್ಗಾ ಬೆಚ್ಚಿ ಎದ್ದು ನಿಂತಳು. ಕಲ್ಲೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ದನಿ ತುಸು ತಗ್ಗಿಸಿ, ಮುಂದೆ ಮತ್ತೆ ಹೀಗಾಗದಂತೆ ಅದನ್ನು ಉಳಿಸಿಟ್ಟ.

"ನನ್ನ ಹೆಸರು ಹೇಳತೈತೇನ್ರಿ?" ಎಂದು ಕೇಳಿದಳು ದುರ್ಗಾ.

ಅವನು ಹೇಳಿಕೊಟ್ಟ ಅಕ್ಷರಗಳನ್ನು ಅವಳು ಒಂದೇ ಬೆರಳಿನಿಂದ ಒತ್ತಿದಳು. "ಡರ್ಗಾ," ಎಂದಿತು ಕಂಪ್ಯೂಟರ್.

"ಡರ್ಗಾ ಯಾರ್ರಿ? ನಾ ಅಲ್ಲ."

ಇಬ್ಬರೂ ಕೂತು ಆ ಹೆಸರನ್ನು ಏಳೆಂಟು ಬಗೆಯಲ್ಲಿ ಬರೆದು ನೋಡಿದರು. ನಾಷ್ಟಾಕ್ಕೆ ಮಾಡಿಟ್ಟ ಉಪ್ಪಿಟ್ಟು ಆರಿತು. ಕೊನೆಗೊಮ್ಮೆ ಅದು ಹೆಚ್ಚು ಕಡಿಮೆ ಸರಿಯಾಗಿ ಕರೆದಾಗ ದುರ್ಗಾ, ಯಾರೋ ಬಾಗಿಲಲ್ಲಿ ನಿಂತು ಕರೆದರೇನೋ ಎಂಬಂತೆ, "ಬಂದ್ನಿರಿ," ಎಂದು ಓಗೊಟ್ಟಳು.